ರೇಡಿಯೇಟರಿನೊಳಗಿನ ಸಾಸಿವೆ

ಲಿಂಡನ್ ಮರಗಳ ಕಾಡಿನಲ್ಲಿ ಹೂವು ಬಿಟ್ಟ ಸುದ್ದಿಯನ್ನು ಜಹಾರಿಯಾನಿಗೆ ತಂದುಕೊಟ್ಟವನು ನದಿಯಾಚೆಯಿಂದ ಇಟ್ಟಿಗೆ ಹೇರಿಕೊಂಡು ಬಂದ ಒಬ್ಬ ಲಾರಿ ಚಾಲಕ. ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಜೇನಜ್ಜ, ಇನ್ನೂ ಇಲ್ಲೇ ಕೂತಿದ್ದೀಯಲ್ಲ. ಲುಂಕಾವಿಟ್ಸಾ ಕಾಡಲ್ಲಿ ಇವತ್ತು ಬೆಳಗ್ಗೆ ಮೊದಲನೇ ಹೂವು ಬಿಟ್ಟಿದೆ. ದಾರಿ ತುಂಬ ಘಮಘಮ ಅಂತಿತ್ತು" ಎಂದು ಹೇಳಿ ಹೋದ. ಅವನಿಗೆ ಅದು ದಾರಿಯಲ್ಲಿ ಕಂಡ ಒಂದು ಸಂಗತಿ. ಜಹಾರಿಯಾನಿಗೆ ಅಲ್ಲಿಂದ ದಿನದ ಎಣಿಕೆ ಶುರುವಾಯಿತು.

ಎಂಟು ದಿನ. ಹೋದ ವರ್ಷ, ಅದೇ ಕಾಡಿನಲ್ಲಿ ಜೇನು ಸಾಕುವ ಅಗಾಫಿಯಾ ಹೇಳಿದ್ದು ಅಷ್ಟೇ. "ಬರೋ ಸಲ ಹೂವು ಬಿಟ್ಟ ಎಂಟನೇ ದಿನ ಕೊಳ್ಳೋರು ಬರ್ತಾರೆ. ಪೆಟ್ಟಿಗೆ ಎಲ್ಲಾ ಅವರಿಗೆ ಕೊಟ್ಟುಬಿಡ್ತೀನಿ. ಮೊಣಕಾಲು ನನ್ನ ಮಾತು ಕೇಳೋದು ಬಿಟ್ಟಿದೆ. ಅಲ್ಲಿಗೆ ನನ್ನ ಲಿಂಡನ್ ಮುಗೀತು." ಹೇಳುವಾಗ ಅವಳು ಚಹಾ ಕಾಯಿಸುವ ಸಮೋವರಿನ ಕೆಂಡ ಕೆದಕುತ್ತಿದ್ದಳು, ಇವನ ಮುಖ ನೋಡಿರಲಿಲ್ಲ. ಇವನೂ ಹೂಂ ಅಂದಿದ್ದ.

ಜಹಾರಿಯಾನಿಗೆ ಅರವತ್ತಾರು ವಯಸ್ಸು. ಹೆಂಡತಿ ತೀರಿ ಹದಿನೈದು ವರ್ಷವಾಗಿತ್ತು. ಅವನ ಬದುಕೆಲ್ಲ ಆ ಹಳೇ ಲಾರಿಯ ಮೇಲೆಯೇ. ಲಾರಿಯ ಹಿಂಭಾಗದಲ್ಲಿ ಎರಡೂ ಕಡೆ ಸಾಲಾಗಿ ಅರವತ್ತು ಜೇನುಪೆಟ್ಟಿಗೆ ಜೋಡಿಸಿ ಬಿಗಿದಿದ್ದ. ಬಾಗಿಲುಗಳು ಹೊರಕ್ಕೆ, ಮಧ್ಯೆ ಒಬ್ಬ ಅಡ್ಡ ತಿರುಗಿ ನಡೆಯುವಷ್ಟು ಓಣಿ, ಮುಂದುಗಡೆ ಒಂದು ಹಲಗೆ ಮಂಚ. ಮೇ ತಿಂಗಳಲ್ಲಿ ತೆಕುಚ್ ಹತ್ತಿರದ ಈ ಮರಳುದಿಬ್ಬದ ಬಿಳಿಹೂವಿನ ಜಾಲಿ, ಜೂನಿನಲ್ಲಿ ನದಿಯಾಚೆಯ ಲಿಂಡನ್, ಆಮೇಲೆ ಸೂರ್ಯಕಾಂತಿ. ಹೂವು ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗಬೇಕು. ಜಾಲಿ ಹೂವು ಉದುರಿ ಆಗಲೇ ಮೂರು ದಿನವಾಗಿತ್ತು. ಇಲ್ಲಿ ಇನ್ನು ಕೂರುವುದಕ್ಕೆ ಕಾರಣವಿರಲಿಲ್ಲ.

ಲಿಂಡನ್ ಕಾಡಿನಲ್ಲಿ ಹನ್ನೊಂದು ಬೇಸಿಗೆಯಿಂದ ಅವನ ಪಕ್ಕದ ಜಾಗ ಅಗಾಫಿಯಾಳದು. ನದಿ ಸಮುದ್ರ ಸೇರುವ ಕಡೆ ಜೊಂಡಿನ ನಡುವೆ ಇರುವ ಮೀನುಗಾರರ ಪೈಕಿ ಅವಳು. ಗಂಡ ನೀರಿಗೆ ಹೋದವನು ತಿರುಗಿ ಬಂದಿರಲಿಲ್ಲ. ನಲವತ್ತು ಪೆಟ್ಟಿಗೆಗಳನ್ನು ಬಾಡಿಗೆ ಗಾಡಿಯಲ್ಲಿ ತಂದು ನೆಲದ ಮೇಲೆ ಇಳಿಸಿಕೊಳ್ಳುತ್ತಿದ್ದಳು. ಸಂಜೆ ಕೆಲಸ ಮುಗಿದ ಮೇಲೆ ಇಬ್ಬರೂ ಕೂತು ಚಹಾ ಕುಡಿಯುವುದು, ಅವಳ ಹೊಗೆಹಾಕಿದ ಮೀನು, ಇವನ ಕುರಿಗಿಣ್ಣು. ಒಂದು ಬೇಸಿಗೆಗೆ ಹನ್ನೆರಡು ದಿನ. ಎಲ್ಲಾ ಕೂಡಿಸಿದರೆ ನಾಲ್ಕು ತಿಂಗಳ ಮೇಲೆ ಸ್ವಲ್ಪ. ಅಷ್ಟರಲ್ಲಿ ಮಾತಾಡಿದ್ದು ಹುಳದ ವಿಷಯ, ಮಳೆಯ ವಿಷಯ. ಅಷ್ಟನ್ನೇ ಇಟ್ಟುಕೊಂಡು ಜಹಾರಿಯಾ ಉಳಿದ ಹನ್ನೊಂದೂವರೆ ತಿಂಗಳು ಕಳೆಯುತ್ತಿದ್ದ.

ಆ ದಿನವೇ ಹೊತ್ತು ಮುಳುಗಿ ಹುಳಗಳು ಒಳಗೆ ಸೇರಿದ ಮೇಲೆ ಬಾಗಿಲು ಮುಚ್ಚಿ ಹೊರಟ. ನಾಲ್ಕು ಕಿಲೋಮೀಟರ್ ಹೋಗಿದ್ದನೋ ಇಲ್ಲವೋ, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು, ಮೂತಿಯಿಂದ ಬುಸ್ಸೆಂದು ಹಬೆ ಬಂತು. ಬಾಗಿಲು ಮುಚ್ಚಿದ ಹುಳ ಇಟ್ಟುಕೊಂಡು ರಸ್ತೆಯಲ್ಲಿ ಬಿಸಿಲೇರುವವರೆಗೆ ನಿಲ್ಲುವ ಹಾಗಿಲ್ಲ, ಸೆಕೆಗೆ ಬೆಂದುಹೋಗುತ್ತವೆ. ಅಲ್ಲೇ ತೆರೆದರೆ ಎಲ್ಲಾ ಹಳೇ ಜಾಗ ಹುಡುಕಿಕೊಂಡು ಹಾರಿ ಹೋಗುತ್ತವೆ. ಊರ ಬಾವಿಯಿಂದ ಮೂರು ಸಲ ನೀರು ಹೊತ್ತು ಸುರಿದು, ಆಮೆಯ ಹಾಗೆ ತೆವಳಿಸಿಕೊಂಡು ಹೊರಟಲ್ಲಿಗೇ ವಾಪಸು ಬಂದು ನಿಲ್ಲಿಸಿದ.

ಬೆಳಗ್ಗೆ ತನಾಸೆ ಸೈಕಲ್ ತುಳಿದುಕೊಂಡು ಬಂದ. ತನಾಸೆ ಪಕ್ಕದ ಊರಿನವನು, ಹಿಂದೆ ಟ್ರ್ಯಾಕ್ಟರ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಡಿಪೋ ಮುಚ್ಚಿದ ಮೇಲೆ ನಾಲಿಗೆಯೊಂದನ್ನು ಮುಚ್ಚಿರಲಿಲ್ಲ.

"ಏನಣ್ಣ, ರಾತ್ರಿ ಮದುವೆ ದಿಬ್ಬಣದ ಹಾಗೆ ಹೊರಟೆ, ಬೆಳಗಾಗೋದ್ರೊಳಗೆ ತವರಿಗೆ ವಾಪಸ್ ಬಂದಿದ್ದೀಯ."

"ಕುದಿ ಬಂತು ಕಣೋ."

"ನಿಂಗೋ, ಗಾಡಿಗೋ?"

ಜಹಾರಿಯಾ ಮೂತಿಯ ಮುಚ್ಚಳ ಎತ್ತಿ ಕೊಟ್ಟ. ತನಾಸೆ ಫ್ಯಾನಿನ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲುಗಿಸಿದ. ಕಟಕಟ ಅಂದಿತು. ವಾಟರ್ ಪಂಪಿನ ಬೇರಿಂಗ್ ಹೋಗಿತ್ತು, ಅದರ ಕೆಳಗಿನ ಸಣ್ಣ ತೂತಿನಿಂದ ಹನಿ ಇಳಿದು ಹಸಿರು ಗೆರೆ ಒಣಗಿತ್ತು. ಕೆಳಗಿನ ರಬ್ಬರ್ ಪೈಪು ಹಿಸುಕಿದರೆ ಹಳೇ ಬಾಳೆಹಣ್ಣಿನ ಹಾಗೆ ಕೈಗೆ ಬರುವಂತಿತ್ತು.

"ಪಂಪು, ಪೈಪು ಎರಡೂ ಹೋಗಿದೆ. ಮೊದಲು ಇರೋ ನೀರು ಪೂರ್ತಿ ಇಳಿಸೋಣ" ಎಂದು ತನಾಸೆ ಕೆಳಗೆ ಮಲಗಿ, ಅಗಲವಾದ ತಗಡಿನ ಬಾನಿ ಎಳೆದುಕೊಂಡ.

"ತಡಿ" ಎಂದ ಜಹಾರಿಯಾ. "ಹಗಲು ಹೊತ್ತಲ್ಲಿ ಬೇಡ. ಒಳಗಿರೋದು ಹಸಿರು ಕೂಲೆಂಟು. ಸಿಹಿ ಇರುತ್ತೆ. ಬಾಯಾರಿದ ಹುಳ ಬಂದು ಕುಡೀತಾವೆ."

"ಕುಡಿದ್ರೆ?"

"ವಿಷ ಕಣೋ. ಒಂದು ಹುಳ ರುಚಿ ಹಿಡಿದ್ರೆ ಹೋಗಿ ಸಾವಿರಕ್ಕೆ ದಾರಿ ಹೇಳುತ್ತೆ. ಸಂಜೆ ತೆಗೆಯೋಣ."

"ಹೂವಿಗೆ ಎಂಟು ದಿನ ಅಂತೀಯ, ಒಂದು ಹಗಲು ಸುಮ್ನೆ ಕೂತು ಕಳೀತೀಯ. ಯಾರಿಗೆ ಬುದ್ಧಿ ಹೇಳೋದು."

ಆದರೂ ತನಾಸೆ ಕಾದ. ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ, ಮೇಲಿನ ಮುಚ್ಚಳ ಬಿಚ್ಚಿ, ಹೀಟರಿನ ಕೊಳಾಯಿ ತೆರೆದು, ರೇಡಿಯೇಟರಿನ ತಳದ ಸಣ್ಣ ನಲ್ಲಿ ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ. ತನಾಸೆ ಒಂದು ತಂತಿ ತೂರಿಸಿ ಕೆದಕಿದ. ತಂತಿಯ ತುದಿಗೆ ಕಂದು ಹಳದಿ ಬಣ್ಣದ ಜಿಗುಟು ಬಂತು. ಬೆರಳಲ್ಲಿ ಉಜ್ಜಿ ಮೂಸಿದ.

"ಸಾಸಿವೆ" ಎಂದ. ತಂತಿಯನ್ನು ಎತ್ತಿ ತೋರಿಸಿ, "ಇದನ್ನ ಹಾಕಿದ ಪುಣ್ಯಾತ್ಮ ಯಾರಣ್ಣ?" ಎಂದು ಕೇಳಿದ.

ಜಹಾರಿಯಾ ಬಾನಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

ಹೋದ ವರ್ಷ ಹೂವಿನ ಕೊನೇ ದಿನ ರೇಡಿಯೇಟರ್ ಸೋರುತ್ತಿತ್ತು. ಅಗಾಫಿಯಾ ತನ್ನ ಅಡಿಗೆ ಡಬ್ಬಿಯಿಂದ ಸಾಸಿವೆ ಹಿಟ್ಟು ತಂದಳು, ಮೀನಿಗೆ ಸವರಲು ಇಟ್ಟುಕೊಂಡಿದ್ದದ್ದು. ಬೆಚ್ಚಗಿನ ನೀರಲ್ಲಿ ಕಲಸಿ, ಕೈಬೊಗಸೆಯಿಂದಲೇ ಸುರಿದಳು. "ನಮ್ಮನೆಯವರ ದೋಣಿ ಇಂಜಿನ್ನಿಗೂ ಇದೇ ಔಷಧಿ. ಮನೆ ಮುಟ್ಟಿಸುತ್ತೆ. ಮುಟ್ಟಿದ ಮೇಲೆ ಮಾತ್ರ ತೊಳೆಸಿಬಿಡಿ, ಮರೀಬೇಡಿ" ಎಂದಿದ್ದಳು. ಸೋರುವುದು ನಿಂತಿತು. ಮನೆ ಮುಟ್ಟಿತು. ಸಾಸಿವೆ ಹಾಕಿದರೆ ಊರು ಸೇರಿದ ಕೂಡಲೆ ಬಿಚ್ಚಿ ತೊಳೆಯಬೇಕು ಎನ್ನುವುದು ಸ್ಟೀರಿಂಗ್ ಹಿಡಿದವರೆಲ್ಲರಿಗೂ ಗೊತ್ತು. ಜಹಾರಿಯಾನಿಗೂ ಗೊತ್ತು. ಸೋರುತ್ತಿಲ್ಲವಲ್ಲ, ನಾಳೆ ನೋಡೋಣ ಎಂದುಕೊಂಡ. ಚಳಿಗಾಲ ಬಂದಾಗ ಅದರ ಮೇಲೆಯೇ ಹಸಿರು ಕೂಲೆಂಟು ಸುರಿದ. ಬೆಳಗಿನ ಹೊತ್ತು ಇಂಜಿನ್ ಬಿಸಿಯಾಗಿ ಮುಚ್ಚಳದ ಸಂದಿಯಿಂದ ಒಂದಿಷ್ಟು ಹಬೆ ಹೊರಬಿದ್ದರೆ ಅದರಲ್ಲಿ ಸಾಸಿವೆಯ ಘಾಟು ಇರುತ್ತಿತ್ತು. ಹಿಮ ಬಿದ್ದ ಅಂಗಳದಲ್ಲಿ ಯಾವ ಕೆಲಸವೂ ಇಲ್ಲದ ದಿನಗಳಲ್ಲಿ ಕೂಡ ಅವನು ಹೋಗಿ ಇಂಜಿನ್ ಶುರು ಮಾಡಿ ನಿಲ್ಲುತ್ತಿದ್ದ. ಅಕ್ಕಪಕ್ಕದವರು ಬ್ಯಾಟರಿ ಇಳಿಯದಿರಲಿ ಎಂದು ಮಾಡುತ್ತಾನೆ ಅಂದುಕೊಂಡಿದ್ದರು.

"ಹೇಳ್ದೆ ಇದ್ರೆ ಬೇಡ" ಎಂದ ತನಾಸೆ. "ಹಾಕ್ದೋರ ತಪ್ಪಲ್ಲ. ಇಷ್ಟು ದಿನ ಒಳಗೇ ಇಟ್ಕೊಂಡೋನ ತಪ್ಪು."

"ಗೊತ್ತು."

"ಗೊತ್ತಿದ್ದೂ ಇಟ್ಕೊಂಡ್ಯಾ?"

"ಗೊತ್ತಿದ್ದೂ ಇಟ್ಕೊಂಡೆ."

ತನಾಸೆ ಅವನ ಮುಖ ನೋಡಿದ. ಕೆಳಗಿನ ಪೈಪಿನ ಕ್ಲಿಪ್ಪು ಸಡಿಲಿಸಿ ಎಳೆದ. ಹಸಿರು, ಕಂದು, ಹಳದಿ ಎಲ್ಲಾ ಕಲಸಿಕೊಂಡು ಬಾನಿಗೆ ಇಳಿಯಿತು. ಇಂಜಿನ್ ಬ್ಲಾಕಿನ ಪಕ್ಕದ ಬೋಲ್ಟು ಬಿಚ್ಚಿದಾಗ ಇನ್ನೊಂದು ಬಾನಿ ತುಂಬಿತು. ಜಹಾರಿಯಾ ಮೇಲೆ ಗೋಣಿ ಮುಚ್ಚಿ, ನೂರು ಹೆಜ್ಜೆ ದೂರ ಹೊತ್ತು, ತೋಡಿಟ್ಟ ಗುಂಡಿಗೆ ಸುರಿದು ಮರಳು ಎಳೆದು ತುಳಿದ. ತೊಳೆದ ನೀರನ್ನೂ ಹಾಗೇ ಹೊತ್ತ. ಹದಿನಾಲ್ಕು ಸಲ. ಗಾಡಿ ಕೆಳಗಿನ ಒದ್ದೆ ಮಣ್ಣನ್ನೂ ಸಲಿಕೆಯಲ್ಲಿ ಕೆರೆದು ತೆಗೆದ. ಆ ಹೊತ್ತಿಗೆ ಚುಕ್ಕಿಗಳು ಬಂದಿದ್ದವು.

ಮೂರನೇ ದಿನ ಪಂಪು ಕಳಚಿದರು. ಥರ್ಮೋಸ್ಟ್ಯಾಟ್ ಇರುವ ಗೂಡು ಬಿಚ್ಚಿ ನೋಡಿದರೆ ಗೂಡು ಖಾಲಿ. ಎಷ್ಟೋ ವರ್ಷದ ಹಿಂದೆ ಜಹಾರಿಯಾನೇ ಕಿತ್ತೆಸೆದಿದ್ದ.

"ಬೇಸಿಗೇಲಿ ಯಾಕೆ ಬೇಕು ಅಂತ ತೆಗೆದೆ."

"ಎಲ್ಲಾ ಮುದುಕರೂ ಹಿಂಗೇ. ಅದು ಇರೋದೇ ಬಿಸಿ ಎಷ್ಟು ಬೇಕೋ ಅಷ್ಟರಲ್ಲೇ ಇಡೋಕೆ. ತಾನಾಗೇ ಬಾಗಿಲು ತೆಗಿಯುತ್ತೆ, ತಾನಾಗೇ ಹಾಕ್ಕೊಳ್ಳುತ್ತೆ. ನಿನ್ನ ಪೆಟ್ಟಿಗೆ ಬಾಗಿಲಿನ ಹಾಗಲ್ಲ, ಯಾರೂ ಕಾಯ್ಬೇಕಿಲ್ಲ."

ರೇಡಿಯೇಟರಿನ ಕೊಳವೆಗಳಲ್ಲಿ ಅರ್ಧಕ್ಕರ್ಧ ಸಾಸಿವೆ ಗಟ್ಟಿಕಟ್ಟಿ ಕಲ್ಲಾಗಿತ್ತು. ಬಿಸಿನೀರು ಹೊಯ್ದರೂ, ತಂತಿ ಆಡಿಸಿದರೂ ಬಿಡಲಿಲ್ಲ. ತನಾಸೆ ಅದನ್ನು ಮಗುಚಿ ನೋಡಿ, "ಇದರ ಕಥೆ ಮುಗೀತು. ಬೇರೇದೇ ಹುಡುಕ್ಬೇಕು" ಎಂದ.

ಬೇರೇದು ಹುಡುಕುವುದಕ್ಕೆ ಮೂರು ದಿನ ಹೋಯಿತು. ಹಳೇ ಸಹಕಾರಿ ಬೇಸಾಯ ಸಂಘದ ಅಂಗಳದಲ್ಲಿ ಇದೇ ತಳಿಯ ಒಂದು ಲಾರಿ ಚಕ್ರವಿಲ್ಲದೆ ಕೂತಿತ್ತು, ಹೊಟ್ಟೆಯೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅದರ ರೇಡಿಯೇಟರ್ ಮತ್ತು ಪಂಪು ಸಿಕ್ಕಿತು. ಆದರೆ ಅಂಗಳ ಕಾಯುವವನು ಊರಲ್ಲಿರಲಿಲ್ಲ, ಅವನು ಮಗಳ ಹೆರಿಗೆ ಮುಗಿಸಿ ಬರುವವರೆಗೆ ಬೀಗ ತೆಗೆಯುವವರಿರಲಿಲ್ಲ. ರಬ್ಬರ್ ಪೈಪಿಗೂ ಥರ್ಮೋಸ್ಟ್ಯಾಟಿಗೂ ತನಾಸೆ ಬಸ್ಸು ಹತ್ತಿ ಬರ್ಲಾದ್ ಸಂತೆಗೆ ಹೋದ. ಸಂತೆ ಇದ್ದದ್ದು ಆರನೇ ದಿನ.

ಆ ದಿನಗಳಲ್ಲಿ ಜಹಾರಿಯಾನಿಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಉದುರಿದ ಜಾಲಿ ಹೂವು ಮರಳಿನ ಮೇಲೆ ಒಣಗಿ ಕಾಗದದ ಚೂರಿನಂತೆ ಹಾರಾಡುತ್ತಿತ್ತು. ಹುಳಗಳು ಹೋಗಿ ಬರಿಗೈಲಿ ಬರುತ್ತಿದ್ದವು. ಅವನು ಮಂಚದ ಮೇಲೆ ಕೂತು ಎರಡನೇ ದಿನದ ಹೂವು ಹೇಗಿರುತ್ತದೆ, ನಾಲ್ಕನೇ ದಿನದ ಹೂವು ಹೇಗಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ನಾಲ್ಕನೇ ದಿನ ಕಾಡೆಲ್ಲ ಗುಂಯ್ ಅನ್ನುತ್ತದೆ, ಮಾತಾಡಬೇಕಾದರೆ ಗಂಟಲು ಏರಿಸಬೇಕು. ಅಗಾಫಿಯಾ ಆ ದಿನ ಬಿಳೀ ತಲೆವಸ್ತ್ರ ಕಟ್ಟುತ್ತಾಳೆ, ಕಪ್ಪು ಕಂಡರೆ ಹುಳ ಸಿಟ್ಟಾಗುತ್ತವೆಂದು. ಐದನೇ ದಿನ ಮೊದಲ ಜೇನು ತೆಗೆದು ಒಂದು ಚಮಚ ಇವನ ಕಡೆ ಚಾಚುತ್ತಾಳೆ. ಈಗ ಆ ಚಮಚವನ್ನು ಯಾರ ಕಡೆ ಚಾಚಿದಳೋ. ಯಾರ ಕಡೆಯೂ ಇಲ್ಲವೇನೋ.

ತನಾಸೆಯ ಹೆಂಡತಿ ಇಲಿಂಕಾ ಬೀನ್ಸ್ ಸಾರು, ಮೆಕ್ಕೆಜೋಳದ ಮುದ್ದೆ ಕಟ್ಟಿಕೊಂಡು ಬರುತ್ತಿದ್ದಳು. ಒಂದು ದಿನ ಇವನು ತಿನ್ನದೆ ಕೂತದ್ದನ್ನು ನೋಡಿ, "ಅಣ್ಣ, ಸೂರ್ಯಕಾಂತಿ ಇದೆಯಲ್ಲ ಮುಂದೆ. ಒಂದು ಹೂವು ತಪ್ಪಿದ್ರೆ ಏನಂತೆ?" ಎಂದಳು.

"ಆ ಹೂವು ಬರೋ ವರ್ಷ ಇರಲ್ಲಮ್ಮ."

"ಮರ ಕಡೀತಾರಾ?"

"ಮರ ಇರುತ್ತೆ" ಎಂದ.

ಇಲಿಂಕಾ ಹೆಂಗಸು, ಅವಳಿಗೆ ಅರ್ಥವಾಯಿತು. ಮುದ್ದೆಗೆ ಇನ್ನೊಂದಿಷ್ಟು ಗಿಣ್ಣು ಉದುರಿಸಿ, "ತಿನ್ನಿ, ಗಾಡಿ ಹೊಡೆಯೋಕೆ ತ್ರಾಣ ಬೇಕು" ಎಂದು ಹೇಳಿ ಎದ್ದಳು.

ಏಳನೇ ದಿನ ಬೆಳಗಿನಿಂದ ಇಬ್ಬರೂ ಬಗ್ಗಿದವರು ಬಗ್ಗಿದ ಹಾಗೇ ಇದ್ದರು. ರಟ್ಟಿನ ಹಾಳೆಯನ್ನು ಪಂಪು ಕೂರುವ ಜಾಗಕ್ಕೆ ಒತ್ತಿ ಹಿಡಿದು, ಅಂಚಿನಗುಂಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತನಾಸೆ ನೀರು ಸೋರದ ಹಾಗೆ ನಡುವೆ ಇಡುವ ಪ್ಯಾಕಿಂಗ್ ಕತ್ತರಿಸಿದ. ಗ್ರೀಸು ಸವರಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದೇ ಸುತ್ತು ಬಿಗಿದ. ಥರ್ಮೋಸ್ಟ್ಯಾಟನ್ನು ದಾರಕ್ಕೆ ಕಟ್ಟಿ ಕುದಿಯುವ ಪಾತ್ರೆಯಲ್ಲಿ ಇಳಿಬಿಟ್ಟು, ಬಾಗಿಲು ತೆರೆಯುವುದನ್ನು ಇಬ್ಬರೂ ಬಗ್ಗಿ ನೋಡಿದರು. ರೇಡಿಯೇಟರ್ ಕೂತಿತು, ಪೈಪುಗಳು ಕೂತವು. ಸಂಜೆ ಹುಳ ಒಳಸೇರಿದ ಮೇಲೆ ಬರೀ ನೀರು ತುಂಬಿದರು. ಜಹಾರಿಯಾ ಕೂಲೆಂಟು ಬೇಡವೆಂದ. ಮುಚ್ಚಳ ತೆರೆದಿಟ್ಟು ಇಂಜಿನ್ ಓಡಿಸಿ, ಮೇಲಿನ ಪೈಪನ್ನು ಹಿಸುಕಿ ಹಿಸುಕಿ ಗಾಳಿ ಹೊರಡಿಸಿದರು. ಗುಳ್ಳೆ ಬರುವುದು ನಿಂತಿತು. ಹೀಟರಿನಿಂದ ಬಿಸಿಗಾಳಿ ಬಂತು. ಮುಳ್ಳು ನಡುವೆ ಬಂದು ನಿಂತಿತು, ಅಲುಗಲಿಲ್ಲ.

ಹಬೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಜಹಾರಿಯಾ ರೇಡಿಯೇಟರಿನ ಬಾಯಿಯ ಮೇಲೆ ಮುಖ ಹಿಡಿದು ಸ್ವಲ್ಪ ಹೊತ್ತು ನಿಂತ.

"ಏನು ನೋಡ್ತೀಯ? ಸರಿಯಾಗಿದೆ ಹೋಗಣ್ಣ" ಎಂದ ತನಾಸೆ. "ಹಳೇ ರೇಡಿಯೇಟರ್ ಬೇಕಾ, ನಾನೇ ಗುಜರಿಗೆ ಹಾಕ್ಲಾ?"

"ಹಾಕು" ಎಂದ ಜಹಾರಿಯಾ. ಹೇಳಿ, ತಿರುಗಿ ನೋಡದೆ ಪೆಟ್ಟಿಗೆಗಳ ಬಾಗಿಲು ಮುಚ್ಚತೊಡಗಿದ.

ಬ್ರಾಯಿಲಾ ದಡ ಮುಟ್ಟಿದಾಗ ಕೊನೆಯ ಕಟ್ಟೆದೋಣಿ ಹೋಗಿಯಾಗಿತ್ತು. ಲಾರಿ ದಾಟಿಸುವ ಆ ಅಗಲವಾದ ದೋಣಿ ಇನ್ನು ಬೆಳಗಿನ ಜಾವಕ್ಕೇ. ಸಾಲಿನಲ್ಲಿ ಮೊದಲನೆಯವನಾಗಿ ನಿಲ್ಲಿಸಿ ಕಾದ. ಎಂಟನೇ ದಿನ ಬೆಳಕು ಹರಿಯುವಾಗ ಆಚೆ ದಡದಿಂದ ದೋಣಿ ಬರುವುದು ಕಂಡಿತು. ಅದರ ಮೇಲೆ ಒಂದೇ ಒಂದು ಲಾರಿ ಇತ್ತು, ಹಿಂದುಗಡೆ ಹಗ್ಗ ಬಿಗಿದ ಜೇನುಪೆಟ್ಟಿಗೆಗಳು, ಮೂರು ಅಡುಕು. ನೀಲಿ ಬಣ್ಣ. ನೀಲಿ ಬಳಿಯುವವರು ಈ ಸುತ್ತಿನಲ್ಲಿ ಅವಳೊಬ್ಬಳೇ.

ಲಾರಿ ದಡಕ್ಕೆ ಇಳಿದು ಇವನ ಪಕ್ಕಕ್ಕೆ ಬಂದು ನಿಂತಿತು. ಚಾಲಕನ ಪಕ್ಕ ಕೂತಿದ್ದ ಅಗಾಫಿಯಾ ಕಿಟಕಿ ಇಳಿಸಿದಳು. ಇಬ್ಬರ ಕಿಟಕಿಗೂ ನಡುವೆ ಒಂದು ಮೊಳ ಜಾಗ.

"ಬಂದ್ರಾ" ಎಂದಳು.

"ಎಂಟನೇ ದಿನ ಅಂದಿದ್ರಿ."

"ಎಂಟನೇ ದಿನಕ್ಕೆ ಪೆಟ್ಟಿಗೆ ಕೊಂಡವರ ಜಾಗದಲ್ಲಿ ಇರ್ಬೇಕಂತೆ. ನಿನ್ನೆ ಸಂಜೇನೇ ಹೇರಿದ್ರು. ಇನ್ನೂ ಕತ್ತಲಾಗಿರ್ಲಿಲ್ಲ, ಬಾಗಿಲು ಹಾಕೇಬಿಟ್ರು. ಅರ್ಧ ಹುಳ ಹೊರಗೇ ಉಳೀತು ಅಂದ್ರೂ ಕೇಳ್ಲಿಲ್ಲ. ಹೊಸ ಜಾಗದಲ್ಲಿ ಬಾಗಿಲು ನನ್ನ ಕೈಯಲ್ಲೇ ತೆಗೀಬೇಕು ಅಂತ ಹಟ ಮಾಡಿ ಹತ್ತಿದ್ದೀನಿ. ತೆಗೆದು, ಅಲ್ಲಿಂದ ಹಡಗು ಹಿಡಿದು ಮನೆಗೆ." ಅವಳು ಇವನ ಗಾಡಿಯ ಮೂತಿ ನೋಡಿದಳು. "ಕೆಟ್ಟಿತ್ತಾ?"

"ರೇಡಿಯೇಟರ್ ಬದಲಾಯ್ಸಿದೆ. ಪಂಪೂ."

"ತೊಳೆಸಿ ಅಂತ ಹೇಳಿದ್ದೆ."

"ಹೇಳಿದ್ರಿ."

"ಯಾಕೆ ತೊಳೆಸ್ಲಿಲ್ಲ?"

ಜಹಾರಿಯಾ ಸ್ಟೀರಿಂಗ್ ಮೇಲಿನ ತನ್ನ ಕೈ ನೋಡಿಕೊಂಡ. "ತೊಳೆಸೋಕೆ ಮನಸ್ಸು ಬರ್ಲಿಲ್ಲ" ಎಂದ.

ಅವಳು ತಲೆವಸ್ತ್ರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಅವಳ ಪಕ್ಕದ ಚಾಲಕ ಗಡಿಯಾರ ನೋಡಿ ಆಕ್ಸಿಲರೇಟರ್ ಒತ್ತಿದ. ದೋಣಿಯವನು ಇವನ ಕಡೆ ಕೈ ಬೀಸಿ, "ಏರ್ತೀಯೋ ಇಲ್ವೋ ಮುದುಕ, ಮುಂದಿನದು ಎರಡು ಗಂಟೆ ಬಿಟ್ಟು" ಎಂದು ಕೂಗಿದ. ಎದುರಿಗೆ ನದಿಯ ಮೇಲೆ ಸೂರ್ಯ ಕೆಂಪಗೆ ಎದ್ದಿದ್ದ. ಎರಡು ಗಾಡಿಯ ಹಿಂಭಾಗದಲ್ಲೂ ಮುಚ್ಚಿದ ಹುಳಗಳ ಸದ್ದು ಏರುತ್ತಿತ್ತು.

"ಹೋಗಿ" ಎಂದಳು. "ಬಿಸಿಲು ಬಂತು. ಹುಳ ಸಾಯ್ತಾವೆ."

"ನಿಮ್ಮೂರಿಗೆ ದಾರಿ ಹೇಗೆ?" ಹನ್ನೊಂದು ವರ್ಷದಲ್ಲಿ ಅವನು ಇದನ್ನು ಕೇಳಿರಲಿಲ್ಲ.

"ಲಾರಿ ಬರೋ ದಾರಿ ಇಲ್ಲ ಅಲ್ಲಿಗೆ. ಬರೀ ನೀರು. ತುಲ್ಚಾದಿಂದ ದೋಣಿ ಹೊರಡುತ್ತೆ, ವಾರಕ್ಕೆ ಮೂರು ಸಲ. ನಾಲ್ಕು ಗಂಟೆ ದಾರಿ."

"ಇಳಿದು ಯಾರನ್ನ ಕೇಳ್ಬೇಕು?"

"ಯಾರನ್ನ ಕೇಳಿದ್ರೂ ತೋರಿಸ್ತಾರೆ."

ಅವಳ ಲಾರಿ ಹೊರಟಿತು. ಬನ್ನಿ ಎಂದು ಅವಳು ಅನ್ನಲಿಲ್ಲ, ಬರುತ್ತೇನೆ ಎಂದು ಇವನೂ ಅನ್ನಲಿಲ್ಲ. ಜಹಾರಿಯಾ ಗೇರು ಹಾಕಿ ದೋಣಿಗೆ ಏರಿದ. ನದಿ ದಾಟುವಷ್ಟು ಹೊತ್ತೂ ಕನ್ನಡಿಯಲ್ಲಿ ದಡವನ್ನು ನೋಡುತ್ತಿದ್ದ. ಧೂಳು ಕೂತ ಮೇಲೆ ಬರೀ ರಸ್ತೆ ಇತ್ತು.

ಕಾಡಿಗೆ ಬಂದು ತನ್ನ ಮಾಮೂಲಿ ಜಾಗದಲ್ಲಿ ನಿಲ್ಲಿಸಿ ಅರವತ್ತು ಬಾಗಿಲನ್ನೂ ತೆರೆದ. ಹುಳಗಳು ಹೊರಗೆ ಬಂದು ಗಾಳಿಯಲ್ಲಿ ಸುತ್ತು ಹಾಕಿ ಜಾಗ ಗುರುತು ಮಾಡಿಕೊಂಡು ಮರಕ್ಕೆ ಏರಿದವು. ಹೂವು ಇನ್ನೂ ಅರ್ಧ ಇತ್ತು. ಪಕ್ಕದ ಜಾಗದಲ್ಲಿ ಪೆಟ್ಟಿಗೆ ಇದ್ದ ಕಡೆಯೆಲ್ಲ ಹುಲ್ಲು ಚೌಕಚೌಕವಾಗಿ ಬೆಳ್ಳಗಾಗಿತ್ತು. ಸಮೋವರ್ ಇಟ್ಟ ಕಡೆ ಬೂದಿ. ಆ ಚೌಕಗಳ ಮೇಲೆ ಹುಳಗಳು ಹಾರಾಡುತ್ತಿದ್ದವು. ನಿನ್ನೆ ಸಂಜೆಯ ಅವಸರದಲ್ಲಿ ಹೊರಗೇ ಉಳಿದ ಅಗಾಫಿಯಾಳ ಹುಳಗಳು ಅವು. ಹೂವಿಗೆ ಹೋಗಿ, ಹೊಟ್ಟೆ ತುಂಬ ಮಕರಂದ ತಂದು, ಮನೆ ಇದ್ದ ಕಡೆಯೇ ಬಂದು ಇಳಿಯುತ್ತಿದ್ದವು. ಇಳಿಯಲು ಮನೆಯಿಲ್ಲದೆ ಮತ್ತೆ ಏಳುತ್ತಿದ್ದವು. ಕೆಲವು ಸುಸ್ತಾಗಿ ಒಂದು ಗೂಟಕ್ಕೆ ಮುಷ್ಟಿಯಷ್ಟು ಗೊಂಚಲಾಗಿ ನೇತುಬಿದ್ದಿದ್ದವು.

ಜಹಾರಿಯಾ ಅವನ್ನು ಮಧ್ಯಾಹ್ನದವರೆಗೆ ನೋಡಿದ. ಆಮೇಲೆ ಓಣಿಯೊಳಗೆ ಹೋಗಿ, ಬಿಡಿಯಾಗಿಟ್ಟಿದ್ದ ಒಂದು ಚಿಕ್ಕ ಪೆಟ್ಟಿಗೆ ತಂದ. ಅದರಲ್ಲಿ ಒಂದು ಎಳೇ ರಾಣಿಯೂ ಒಂದು ಹಿಡಿ ಹುಳವೂ ಇದ್ದವು, ಬಲ ಇಲ್ಲದ ಸಂಸಾರ. ಅವಳ ಸಾಲಿನ ನಟ್ಟ ನಡುವಿನ ಚೌಕದ ಮೇಲೆ ಅದನ್ನಿಟ್ಟು, ಬಾಗಿಲನ್ನು ಅವಳ ಪೆಟ್ಟಿಗೆ ಇದ್ದ ದಿಕ್ಕಿಗೇ ತಿರುಗಿಸಿದ. ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತ.

ಮೊದಲನೇ ಹುಳ ಬಾಗಿಲಲ್ಲಿ ಇಳಿಯಿತು. ಕಾವಲಿನ ಹುಳ ಬಂದು ಮೂಸಿತು. ಹೊಟ್ಟೆ ತುಂಬಿಕೊಂಡು ಬಂದವರನ್ನು ಅವು ತಡೆಯುವುದಿಲ್ಲ. ಒಳಗೆ ಬಿಟ್ಟಿತು. ಇನ್ನೊಂದು ಬಂತು, ಮತ್ತೊಂದು ಬಂತು. ಹೊತ್ತು ಇಳಿಯುವ ವೇಳೆಗೆ ಗೂಟದ ಗೊಂಚಲು ಕೂಡ ಸಡಿಲಾಗಿ, ಸಾಲುಗಟ್ಟಿ ನಡೆದು ಒಳಗೆ ಹೋಯಿತು. ಎಲ್ಲವೂ ಹೋಗಲಿಲ್ಲ. ಕೆಲವು ಬೇರೆ ಚೌಕಗಳ ಮೇಲೆ ಕತ್ತಲಾಗುವವರೆಗೂ ಸುತ್ತುತ್ತಲೇ ಇದ್ದವು.

ಕಾಡಿನ ಅಂಚಿನಲ್ಲಿ ಹಸು ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಅವನನ್ನು ನೋಡಿ ನಿಂತಳು.

"ಅಗಾಫಿಯಾ ನಿನ್ನೆ ಹೋದ್ಲು ಕಣಣ್ಣ. ನೀವು ಬರ್ತೀರಾ ಅಂತ ದಿನಾ ರಸ್ತೆಗೆ ಬಂದು ನೋಡ್ತಿದ್ಲು."

"ಹೂಂ" ಎಂದ ಜಹಾರಿಯಾ. ಎದ್ದು ಬಟ್ಟೆಗೆ ಹತ್ತಿದ ಹುಲ್ಲು ಕೊಡವಿ ಕೇಳಿದ, "ಅಮ್ಮಾ, ತುಲ್ಚಾಕ್ಕೆ ಇಲ್ಲಿಂದ ಬಸ್ಸು ಎಷ್ಟೊತ್ತಿಗೆ?"

"ಬೆಳಗ್ಗೆ ಆರಕ್ಕೊಂದು. ಯಾಕೆ, ಲಾರಿ ಇದೆಯಲ್ಲ?"

"ಲಾರಿ ಇಲ್ಲೇ ಇರ್ಲಿ" ಎಂದ. "ಹೂವು ಮುಗಿಯೋಕೆ ಇನ್ನೂ ನಾಲ್ಕು ದಿನ ಇದೆ."